ಹಿಂದಿನ ಗಾಲಿಗಳಿಗೊಂದು ಬೀಗ

ನಿರ್ಧಾರ ಮಾಡಿದವರು ಮೂವರು: ನಾನು, ಜೀಪಿನ ಬಸಣ್ಣ, ಗದ್ವಾಲದ ಖಾಜಾ ಉಸ್ತಾದ್. ಮಣಿಕಟ್ಟು ಮುರಿದದ್ದು ಶರಣಮ್ಮನದು. ಅವಳನ್ನು ನಾವು ಯಾರೂ ಒಂದು ಮಾತು ಕೇಳಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಈಗ ನಾನು ಉಸ್ತಾದರ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಬಸಣ್ಣನ ಜೀಪಿನ ಹಿಂದಿನ ಆ್ಯಕ್ಸಲನ್ನು ಬಿಚ್ಚಿದ್ದಾರೆ. ಹಳೆಯ ಗೇರ್ ಎಣ್ಣೆ ತಗಡಿನ ಬೋಗುಣಿಗೆ ದಪ್ಪನೆಯ ಎಳೆಯಾಗಿ ಇಳಿಯುತ್ತಿದೆ. ಗಂಧಕದಂಥ ಈ ವಾಸನೆ ಮೂಗಿಗೆ ಬಿದ್ದರೆ ಮೂರು ಮಳೆಗಾಲಗಳ ಹಿಂದೆ ಇದೇ ಬೆಂಚಿನ ಮೇಲೆ ನಾನು ಮಾಡಿದ ಭಾಷಣ ನೆನಪಾಗುತ್ತದೆ. ಅದು ಒಳ್ಳೆಯ ಭಾಷಣವೇ ಆಗಿತ್ತು. ಅನಾಹುತವಾದದ್ದೂ ಅದರಿಂದಲೇ.

ಉಟ್ಕೂರಿನ ಆಚೆಗೆ, ಡಾಂಬರು ಬಿಟ್ಟು ಎರಡು ಮೈಲಿ ಎರೆಮಣ್ಣಿನಲ್ಲಿ ಹೋದರೆ ಸಿಗುವ ಒಂದು ದೊಡ್ಡಿಯಲ್ಲಿ, ಎಂದರೆ ಕೆಲವೇ ಮನೆಗಳ ಹಳ್ಳಿಯಲ್ಲಿ, ನಾನು ಹೆಂಗಸರಿಗೆ ಓದು ಕಲಿಸುತ್ತಿದ್ದೆ. ಆ ಮಣ್ಣು ಮಳೆಗಾಲದಲ್ಲಿ ಚಪ್ಪಲಿಯನ್ನು ಕಸಿದುಕೊಂಡರೆ ಸುಲಭಕ್ಕೆ ಮರಳಿಸುವಂಥದ್ದಲ್ಲ. ಊರಿಗಿದ್ದದ್ದು ಬಸಣ್ಣನ ಜೀಪೊಂದೇ. ದಿನವೂ ಮಕ್ತಲ್‌ಗೆ, ವಾರಕ್ಕೆರಡು ಸಲ ನಾರಾಯಣಪೇಟೆಗೆ. ನೇಯ್ದ ಸೀರೆಗಳ ಗಂಟಿನೊಡನೆ ಶರಣಮ್ಮ ಅದರಲ್ಲಿಯೇ ಪೇಟೆಗೆ ಹೋಗುವಳು. ನಾನೂ ಅದರಲ್ಲಿಯೇ ಬಂದು ಹೋಗುವವಳು.

ಜೀಪಿನ ಹೊಟ್ಟೆಯೊಳಗಿನ ಸಂಗತಿ ನಿಮಗೆ ತಿಳಿಯದಿದ್ದರೆ ಸಂಕೋಚ ಬೇಡ, ನನಗೂ ತಿಳಿದಿರಲಿಲ್ಲ. ಹಿಂದಿನ ಎರಡು ಗಾಲಿಗಳ ನಡುವೆ ಒಂದು ಕಬ್ಬಿಣದ ಗುಂಡು ಇದೆಯಲ್ಲ, ಅದರೊಳಗಿನ ಹಲ್ಲುಗಾಲಿಗಳಿಗೆ ಡಿಫರೆನ್ಷಿಯಲ್ ಎಂದು ಹೆಸರು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಸಾಗಬೇಕಾಗುವುದರಿಂದ ಅದು ಎರಡನ್ನೂ ತಮ್ಮತಮ್ಮ ವೇಗದಲ್ಲಿ ತಿರುಗಲು ಬಿಡುತ್ತದೆ. ಕೆಸರಿನಲ್ಲಿ ಈ ಸೌಜನ್ಯವೇ ಮುಳುವಾಗುತ್ತದೆ. ಜಾರುವ ಗಾಲಿ ಗರಗರ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಂತಿರುತ್ತದೆ.

ಇದಕ್ಕೆ ಆ ಊರಿನವರು ಕಂಡುಕೊಂಡ ಪರಿಹಾರಕ್ಕೆ ‘ತೂಕಕ್ಕೆ ನಿಲ್ಲೋದು’ ಎಂದು ಹೆಸರಿತ್ತು. ಗಾಲಿ ತಿರುಗತೊಡಗಿದರೆ ಗಂಡಸರು ಇಳಿದು ನೂಕುವರು. ಹೆಂಗಸರು, ಯಾರೂ ಹೇಳದೆಯೇ, ಜಾರುವ ಗಾಲಿಯ ಬದಿಗೆ ಹಿಂದಿನ ಮೆಟ್ಟಿಲೇರಿ ಸಾಲಾಗಿ ನಿಲ್ಲುವರು. ಅವರ ಭಾರಕ್ಕೆ ಗಾಲಿ ನೆಲ ಕಚ್ಚುವುದು. ಮುಂಗಾರಿಗೆ ಮೊದಲು ಬಿದ್ದ ಅಡ್ಡಮಳೆಯೊಂದರ ಕೆಸರಿನಲ್ಲಿ ಇದನ್ನು ಮೊದಲ ಸಲ ಕಂಡಾಗ ನಾನು ಸಿಡಿದೆ: ಹೆಂಗಸರನ್ನು ಮೂಟೆಗಳಂತೆ ಬಳಸುವುದು ಅನ್ಯಾಯ, ರಸ್ತೆ ಮಾಡದಿರುವುದು ಅನ್ಯಾಯ, ಅದನ್ನು ಸಹಿಸುವುದೂ ಅನ್ಯಾಯ.

ಶರಣಮ್ಮ ಕಂಬಿ ಹಿಡಿದು ನಿಂತಲ್ಲಿಂದಲೇ ಅಂದಳು: “ಅಕ್ಕೋರ, ನಾವು ನಿಂತ್ರ ಗಾಡಿ ಹೊಂಡತೈತಿ. ನೀವು ಭಾಷಣ ಮಾಡಿದ್ರ ಹೊಂಡತೈತೇನ್ರೀ? ಬರ್ರಿ, ಒಂದೀಟು ತೂಕ ನೀವೂ ಹಾಕ್ರಿ.”

ಎಲ್ಲರೂ ನಕ್ಕರು. ನಾನೂ ಹತ್ತಿ ನಿಂತೆ. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮುಂದಿನ ವಾರವೇ ಬಸಣ್ಣನನ್ನು ಹೊರಡಿಸಿಕೊಂಡು ಗದ್ವಾಲಕ್ಕೆ ಬಂದೆ.

ಹಿಂದಿನ ಎರಡೂ ಗಾಲಿಗಳು ಒಟ್ಟಿಗೇ ತಿರುಗುವಂತೆ ಅವಕ್ಕೆ ಬೀಗ ಹಾಕಲು ಮೂರು ದಾರಿಗಳಿವೆ ಎಂದರು ಉಸ್ತಾದ್. ಒಂದು, ಗುಂಡಿನೊಳಗಿನ ಹಲ್ಲುಗಳಿಗೆ ಬೆಸುಗೆ ಹೊಡೆದು ಎರಡೂ ಗಾಲಿಗಳನ್ನು ಶಾಶ್ವತವಾಗಿ ಕಟ್ಟಿಬಿಡುವುದು; ಒಂದು ದಿನದ ಕೆಲಸ. ಎರಡನೆಯದು ತಾನಾಗಿಯೇ ಹಿಡಿದು ತಾನಾಗಿಯೇ ಬಿಡುವಂಥದ್ದು. ತಿರುವಿನಲ್ಲಿ ಟಕಟಕ ಸದ್ದು, ಒದ್ದೆ ಡಾಂಬರಿನಲ್ಲಿ ಒಮ್ಮೊಮ್ಮೆ ಹಿಂಬದಿ ಕೊಸರುವುದು. ಮೂರನೆಯದು ಚಾಲಕನ ಕೈಯಲ್ಲಿ ಸ್ವಿಚ್ಚಿರುವಂಥದ್ದು. ಕೆಸರಿನಲ್ಲಿ ಹಾಕಿ, ಡಾಂಬರಿಗೆ ಬಂದೊಡನೆ ತೆಗೆಯಬೇಕು. ತರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ.

“ದಿನಾ ಓಡೋ ಗಾಡಿ ಐತಿ ಮೇಡಂ, ಮುಕ್ಕಾಲು ಪಾಲು ಡಾಂಬರ್ ಮ್ಯಾಲೇ ಇರ್ತೈತಿ. ಸ್ವಿಚ್ಚಿಂದೇ ಹಾಕ್ರಿ,” ಎಂದರು ಅವರು.

ಆಗ ನಾನು ಆ ಭಾಷಣ ಮಾಡಿದೆ. ದುಡಿಯದ ಗಾಲಿಗೆ ಶಕ್ತಿಯನ್ನೆಲ್ಲ ಕೊಟ್ಟು, ದುಡಿಯಬಲ್ಲ ಗಾಲಿಯನ್ನು ನಿಲ್ಲಿಸುವ ಏರ್ಪಾಡು ನಮ್ಮ ಸಮಾಜದ ಪಡಿಯಚ್ಚು ಎಂದೆ. ಸಮಾನತೆಯನ್ನು ಒಬ್ಬ ಗಂಡಸಿನ ಬೆರಳ ತುದಿಯ ಸ್ವಿಚ್ಚಿಗೆ ಒಪ್ಪಿಸಲಾಗದು, ಅದು ಎಲ್ಲ ಕಾಲಕ್ಕೂ ಇರಬೇಕು ಎಂದೆ. ಮುಂಗಾರು ಹತ್ತಿರ ಬಂತು, ಒಂದೇ ದಿನದಲ್ಲಿ ಮುಗಿಯುವ ಬೆಸುಗೆಯೇ ಸರಿ ಎಂದು ಬಸಣ್ಣನೂ ಒಪ್ಪಿದ.

“ಗಾಲಿಗೆ ಬರಾಬರಿ ಬೇಕಾಗಿಲ್ಲ ಮೇಡಂ, ತಿರುಗಾಕ ಮೋಕಾ ಬೇಕು,” ಎಂದು ಗೊಣಗಿದ ಉಸ್ತಾದ್, ಓದಿದವಳ ಎದುರು ಹೆಚ್ಚು ವಾದಿಸಲಾರದೆ ಬೆಸುಗೆಯ ಕನ್ನಡಕ ಏರಿಸಿಕೊಂಡರು.

ಮುಂಗಾರಿನ ಮೊದಲ ಮಳೆಗೆ ಜೀಪು ಕೆಸರನ್ನು ಸೀಳಿಕೊಂಡು ಬಂತು. ನಾನು ಮುಂದಿನ ಸೀಟಿನಲ್ಲಿ ಬೀಗುತ್ತಿದ್ದೆ. ಹಿಂದೆ ಹೆಂಗಸರು ಎಂದಿನಂತೆ ತೂಕಕ್ಕೆ ನಿಂತಿದ್ದರು. ಇನ್ನು ನಿಲ್ಲಬೇಕಾಗಿಲ್ಲ ಎಂದು ಅವರಿಗೆ ಹೇಳಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ದಾರಿ ಡಾಂಬರನ್ನು ಸೇರುವ ಮೂಲೆಯಲ್ಲಿ ಕೊನೆಯದೊಂದು ಕೆಸರಗುಂಡಿ ಇದ್ದುದರಿಂದ ಅವರು ಆ ತಿರುವು ದಾಟುವವರೆಗೂ ಇಳಿಯುತ್ತಿರಲಿಲ್ಲ. ಬಸಣ್ಣ ಸ್ಟೀರಿಂಗ್ ತಿರುಗಿಸಿದ. ಒಂದಕ್ಕೊಂದು ಕಟ್ಟುಬಿದ್ದ ಹಿಂದಿನ ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗಲಾರದೆ ಜೀಪನ್ನು ನೇರಕ್ಕೆ ನೂಕಿದವು. ಒಳಗಿನ ಟೈರು ಡಾಂಬರನ್ನು ಉಜ್ಜಿ ಟಣ್ಣನೆ ಕುಪ್ಪಳಿಸಿತು. ಮೆಟ್ಟಿಲಿನ ತುದಿಯಲ್ಲಿದ್ದ ಶರಣಮ್ಮ ಬಲಗೈ ಊರಿ ಬಿದ್ದಳು.

ಮಗ್ಗದಲ್ಲಿ ಲಾಳಿಯ ಹಗ್ಗ ಜಗ್ಗುವುದು ಬಲಗೈ. ಮೂಳೆ ಕೂಡಿದೆ, ಆದರೆ ಒಂದು ಸೀರೆಗೆ ಮೊದಲಿಗಿಂತ ಇಮ್ಮಡಿ ದಿನ ಹಿಡಿಯುತ್ತಿದೆ. ಇನ್ನೊಮ್ಮೆ ಪೆಟ್ಟಾದರೆ ಮಗ್ಗ ಬಿಡಬೇಕಾದೀತು ಎಂದು ವೈದ್ಯರು ಹೇಳಿದ್ದಾರೆ. ಬಸಣ್ಣ ಬೆಸುಗೆಯ ಗುಂಡನ್ನು ಕಿತ್ತೊಗೆದು ಹಳೆಯ ಬಗೆಯದನ್ನೇ ಹಾಕಿಸಿದ; ಕೆಸರಿನಲ್ಲಿ ಹೆಂಗಸರು ಮತ್ತೆ ತೂಕಕ್ಕೆ ನಿಂತರು. ಎಡಗೈಯಲ್ಲಿ ಕಂಬಿ ಹಿಡಿದು ಅವಳೂ ನಿಂತಳು. ಅದನ್ನು ಕಂಡ ಮೇಲೆ ನನಗೆ ಹಲವು ರಾತ್ರಿ ನಿದ್ದೆ ಹತ್ತಲಿಲ್ಲ. ಕ್ಷಮೆ ಕೇಳಲು ಹೋದರೆ ಅವಳು, “ನೀವೇನು ಬೇಕಂತ ಕೆಡವಿದ್ರೇನ್ರೀ? ಕುಂದ್ರಿ, ಚಾ ಕುಡೀರಿ,” ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಈ ಸಲ ಅವಳನ್ನೂ ಗದ್ವಾಲಕ್ಕೆ ಕರೆತಂದಿದ್ದೇನೆ. ಉಸ್ತಾದ್ ಅದೇ ವಿವರಣೆ ಕೊಟ್ಟು, ರೂಢಿಯಂತೆ ನನ್ನ ಮುಖ ನೋಡಿದರು. ನಾನು ಶರಣಮ್ಮನ ಕಡೆಗೆ ತಿರುಗಿದೆ.

“ಹಿಡಿಯೋದು ಮೂರೂ ಹಿಡಿತಾವು. ಬಿಡೋದು ಯಾವುದು ಚಂದ ಬಿಡ್ತೈತಿ, ಅದನ್ನ ಹೇಳ್ರಿ,” ಎಂದಳು ಅವಳು. “ಮಗ್ಗದಾಗ ಹಾಸು ಬಿಗಿದು ಹಂಗೇ ಇಟ್ರ ಎಳಿ ಹರೀತಾವು.”

“ಸ್ವಿಚ್ಚಿಂದು, ಅಮ್ಮಾ. ಈಗ ಅದು ನನ್ನ ಗ್ಯಾರೇಜಿನಾಗ ಐತಿ, ತರಿಸಬೇಕಾಗಿಲ್ಲ.”

“ಮತ್ತ ಈ ಬಸಣ್ಣ ತೆಗಿಯೋದು ಮರೆತ್ರ? ತಂಬಾಕ ಎಲ್ಲಿಟ್ಟೀನಂತ ದಿನಾ ನನ್ನನ್ನ ಕೇಳ್ತಾನ.”

“ಏ ಯವ್ವಾ, ಗಾಡಿದು ಮರೆಯಂಗಿಲ್ಲ ನಾ,” ಎಂದ ಬಸಣ್ಣ.

“ಮರೀತಿ. ಹಿಂದ ನಾವು ಕುಂದ್ರೋ ಕಡೆ ಒಂದು ಕೆಂಪು ಲೈಟ್ ಹಾಕ್ರಿ ಉಸ್ತಾದ್. ಬೀಗ ಬಿದ್ರ ಅದು ಹತ್ಬೇಕು. ಡಾಂಬರಿಗೆ ಬಂದ ಮ್ಯಾಲೂ ಹತ್ತಿತ್ತಂದ್ರ ನಾವ ಒದರತೀವಿ. ಆ ಮೆಟ್ಲ ಕೊಯ್ದು ಒಗೀರಿ. ಇದ್ರ ನಿಂದ್ರಾಕ ಕಾಲು ತಾನ ಹೋಗತೈತಿ.”

ಉಸ್ತಾದ್ ತಲೆ ಕೆರೆದುಕೊಂಡು, “ಇದು ನಮಗ್ಯಾಕ ಹೊಳೀಲಿಲ್ಲ?” ಎಂದರು. ನನಗೆ ಉತ್ತರ ಗೊತ್ತಿತ್ತು. ಈಗ ಕಟಿಂಗ್ ಯಂತ್ರದ ಕಿಡಿಗಳ ನಡುವೆ ಮೆಟ್ಟಿಲು ತುಂಡಾಗಿ ನೆಲಕ್ಕೆ ಬಿತ್ತು. ಶರಣಮ್ಮ ಅದನ್ನು ಕಾಲಿನಿಂದ ಬದಿಗೆ ಸರಿಸಿದಳು.

ನನ್ನ ಪಾಲಿನ ತಪ್ಪನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ. ಇನ್ನು ಆ ದಾರಿಯ ಹೊಣೆ ಹೊತ್ತ ಅಧಿಕಾರಿಗಳೇ, ನಿಮ್ಮ ಪಾಲು. ಒಂದು ಜೀಪಿಗೆ ಬೀಗ ಹಾಕಿಸಿಕೊಂಡೆವೆಂದು ನಿಮ್ಮ ಕೆಲಸ ಮುಗಿದಂತಲ್ಲ. ಬರುವ ಮುಂಗಾರಿಗೆ ಮೊದಲು ಆ ಎರಡು ಮೈಲಿಗೆ ಮೊರಂ ಕಲ್ಲುಮಣ್ಣು ಹಾಸಿ, ಎರಡೂ ಬದಿಗೆ ನೀರು ಹರಿಯುವ ಕಾಲುವೆ ತೋಡಿ, ಡಾಂಬರು ಸೇರುವ ಆ ಮೂಲೆಯ ಗುಂಡಿಯನ್ನು ಕಲ್ಲು ತುಂಬಿ ಮುಚ್ಚಿ. ಅಳತೆಗೆ ಬಂದಾಗ ಮೊದಲು ಶರಣಮ್ಮನ ಮನೆಗೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆಂದು ಅವಳನ್ನು ಕೇಳಿ, ಅವಳು ಹೇಳಿದ್ದನ್ನು ನಿಮ್ಮ ನಕಾಶೆಯಲ್ಲಿ ಬರೆದುಕೊಳ್ಳಿ.