ಮುಂಗೈ ಮೇಲಿನ ಹೆಸರು

ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಇದೆ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಾಳಮಡ್ಡಿಯ ತವರಿನಿಂದ ಗೋಪನಕೊಪ್ಪದ ಗಂಡನ ಮನೆಗೆ ಬಂದಾಗ, ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದ. ಅಕ್ಕಿಯಲ್ಲಿ ಬರೆದದ್ದು ಅತ್ತೆಗೆ ಸಾಲಲಿಲ್ಲ. ವಾರದೊಳಗೆ ಹಚ್ಚೆ ಹಾಕುವವಳನ್ನು ಕರೆಸಿದರು. ಅವಳಿಗೆ ಓದು ಬರದು. ಗಂಡನೇ ನನ್ನ ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆದ, ಅವಳು ಅದರ ಮೇಲೆ ಸೂಜಿ ಆಡಿಸಿದಳು.

"ಅಳಬ್ಯಾಡವಾ, ಹಚ್ಚಿ ಇಲ್ಲದ ಕೈಯಾನ ನೀರು ಈ ಮನ್ಯಾಗ ಯಾರೂ ಕುಡ್ಯಂಗಿಲ್ಲ," ಅಂದರು ಅತ್ತೆ.

ಕೈ ಬಾತಿದ್ದರೂ ಅಡುಗೆಮನೆಯಲ್ಲಿ ಹಿಗ್ಗಿದೆ. ತಾಟು, ಚರಿಗೆ, ಕೊಡ, ಎಲ್ಲದರ ಮೇಲೂ ನನ್ನ ಹೊಸ ಹೆಸರು! ಬರುವ ಮೊದಲೇ ಇಷ್ಟು ಅಕ್ಕರೆಯಿಂದ ಕೆತ್ತಿಸಿಟ್ಟಿದ್ದಾರೆ ಎಂದು ಅವ್ವನ ಮುಂದೆ ಕೊಚ್ಚಿಕೊಂಡೆ. ಆಮೇಲೊಂದು ದಿನ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ನನ್ನ ಕೈ ನೋಡಿ ದಂಗಾದಳು.

"ಅಯ್ಯ, ಸತ್ತಾಕಿ ಹೆಸರನ್ನ ನಿನಗ ಇಟ್ಟಾರೇನವಾ?"

ಗಂಡನಿಗೆ ನನ್ನದು ಎರಡನೆಯ ಸಂಬಂಧ ಎಂದು ಗೊತ್ತಿತ್ತು. ಮೊದಲನೆಯವಳ ಹೆಸರನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅತ್ತೆಯನ್ನು ಕೇಳಿಯೇ ಬಿಟ್ಟೆ. "ಆ ಹೆಸರ್ಲೆ ಕರದು ಎಲ್ಲಾರಿಗೂ ರೂಢಿ ಆಗೇತಿ. ಭಾಂಡೆ ಮ್ಯಾಲಿಂದೂ ಸುಳ್ಳಾಗಂಗಿಲ್ಲ," ಅಂದರು ಪುಣ್ಯಾತ್ಗಿತ್ತಿ. ಪಾತ್ರೆಗಳಿಗೆ ಇದ್ದ ಮರ್ಯಾದೆ ನನಗಿರಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನನ್ನು ನನ್ನ ಹೆಸರಿನಿಂದ ಕರೆಯಲು ಅವ್ವ ಒಬ್ಬಳೇ ಉಳಿದಳು. ಕೆಲವೇ ವರ್ಷಗಳಲ್ಲಿ ಅವಳೂ ಹೋದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಅತ್ತೆ ತೀರಿಕೊಂಡ ವರ್ಷ, ಗೋಕುಲ ರಸ್ತೆಯ ಚರ್ಮದ ಡಾಕ್ಟರೊಬ್ಬರು ಲೇಸರ್‌ನಿಂದ ಹಚ್ಚೆ ತೆಗೆಯುತ್ತಾರೆ ಎಂದು ತಿಳಿಯಿತು.

"ಇಷ್ಟು ವರ್ಷ ಇದ್ದದ್ದು ಈಗ್ಯಾಕ ಚುಚ್ಚಾಕತ್ತೈತಿ?" ಎಂದ ಗಂಡ.

"ಬರದವರು ನೀವರಿ, ನಿಮಗ ಹೆಂಗ ಚುಚ್ಚಬೇಕು?" ಎಂದೆ. ಗೊಣಗುತ್ತಲೇ ಜೊತೆಗೆ ಬಂದ.

ಗಂಡ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ದವಾಖಾನೆಯಲ್ಲಿ ಹಟದಿಂದ ತವರಿನ ಹೆಸರು ಬರೆಸಿ ಕುಳಿತೆ. ಸ್ವಲ್ಪ ಹೊತ್ತಿಗೆ ನರ್ಸ್ ಹೊರಬಂದು ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಎಲ್ಲರಂತೆ ನಾನೂ ಸುತ್ತ ನೋಡಿದೆ. ಆಗ ಗಂಡ ಮೊಣಕೈಯಿಂದ ತಿವಿದ.

"ನಿನ್ನನ್ನ ಕರ್ಯಾಕತ್ತಾರ, ಏಳು."

ನನ್ನ ಕಿವಿಯೇ ಮರೆತ ಹೆಸರು ಅವನಿಗೆ ನೆನಪಿತ್ತು. ಇಷ್ಟು ವರ್ಷ ನೆನಪಿಟ್ಟುಕೊಂಡೇ ಒಂದು ದಿನವೂ ಹಾಗೆ ಕರೆಯಲಿಲ್ಲ.

ಒಳಗೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿದರು. ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ಬಿದ್ದಂತೆ ಚುರುಕು, ಕೂದಲು ಸುಟ್ಟ ವಾಸನೆ. ನಾನು ಅತ್ತದ್ದು ಅದಕ್ಕಲ್ಲ. ತಿಂಗಳುಗಟ್ಟಲೆ ಅಲ್ಲಿಗೆ ಅಲೆದ ಮೇಲೆ ಹಚ್ಚೆ ಪೂರ್ತಿ ಹೋಯಿತು.

ಗಂಡ ಈಗಲೂ ನೀರು ಬೇಕಾದರೆ ಮೊದಲನೆಯವಳ ಹೆಸರು ಹಿಡಿದೇ ಕೂಗುತ್ತಾನೆ. ನಾನು ಓ ಎನ್ನುತ್ತೇನೆ.