ಗೌರಕ್ಕನ ಹನ್ನೊಂದು ಖಣ

ಕೊಚ್ಚಿಯ ಬಂದರಿನಲ್ಲಿ ಹಡಗು ಹತ್ತುವ ಮುನ್ನ ಸಾಮಾನು ತಪಾಸಣೆ ಮಾಡುತ್ತಿದ್ದ ಪೇದೆ ಗೌರಕ್ಕನ ಕೈಚೀಲ ಬಿಚ್ಚಿದವನು ಹಾಗೇ ನಿಂತುಬಿಟ್ಟ. ಹತ್ತು ದಿನದ ಪ್ರವಾಸಕ್ಕೆ ಬಂದವಳ ಚೀಲದಲ್ಲಿ ಉಡುವ ಸೀರೆ ಇದ್ದದ್ದು ಎರಡೇ. ಉಳಿದದ್ದೆಲ್ಲ ಮಡಿಕೆ ಮುರಿಯದ, ಕುಪ್ಪಸಕ್ಕಾಗುವ ಗುಳೇದಗುಡ್ಡದ ಖಣಗಳು, ಒಂದು ಗಂಟು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು. ಅವನು ಖಣ ಎತ್ತಿ ಹಿಡಿದು "ಬಿಸಿನೆಸ್?" ಎಂದ. ಗೌರಕ್ಕ ಇಡೀ ಸಾಲಿಗೆ ಕೇಳುವ ಹಾಗೆ, "ಬೇಚನೇಕು ನಹೀರಿ, ದೇನೇಕು!" ಎಂದಳು. ಮಾರಾಕಲ್ಲ, ಕೊಡಾಕ. ಅವನಿಗೆ ಏನು ತಿಳಿಯಿತೋ, ನಕ್ಕು ಚೀಲ ಮುಚ್ಚಿ ಕೊಟ್ಟ. ಹಿಂದೆ ನಿಂತಿದ್ದ ನಾನು ಎಣಿಸಿದ್ದೆ, ಹನ್ನೊಂದು ಖಣ.

ಗೌರಕ್ಕ ಬನಹಟ್ಟಿಯವಳು. ಮದುವೆಯಾದ ಒಂಬತ್ತನೆಯ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಊರವರ ಮಗ್ಗಗಳಿಗೆ ನೂಲಿನ ಕಂಡಿಕಿ ಸುತ್ತಿ ಕೊಡುತ್ತ ಹೊಟ್ಟೆ ಹೊರೆದವಳು ಮುಂದೆ ತನ್ನದೇ ಎರಡು ಪವರ್‌ಲೂಮ್ ಹಾಕಿಸಿಕೊಂಡಳು. ಅಲ್ಲಿ ನೇಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಪ್ರತಿ ಗುರುವಾರ ಬಸ್ಸಿನಲ್ಲಿ ಜಮಖಂಡಿಗೆ ಬರುತ್ತಿದ್ದಳು. ನಾನು ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಸೀರೆ ಮಾರಲು ನಮ್ಮ ಸ್ಟಾಫ್ ರೂಮಿಗೂ ಬರುತ್ತಿದ್ದಳು. ಮಕ್ಕಳ ಹಾಗೆ ಅವಳೂ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದಳು.

ಮಗ್ಗದ ಸಪ್ಪಳದ ನಡುವೆ ಬೆಳೆದ ದನಿ ಅವಳದು. ಸ್ಟಾಫ್ ರೂಮಿನಲ್ಲಿ ಗುಟ್ಟು ಹೇಳಿದರೆ ಮೂರನೇ ಕ್ಲಾಸಿನ ಹುಡುಗಿಯರೂ ಕೇಳಿಸಿಕೊಂಡು ನಗುತ್ತಿದ್ದರು. ಯಾರೇ ಎದುರಿಗೆ ಬರಲಿ, ಮೊದಲು ಮುಖ ನೋಡುತ್ತಿರಲಿಲ್ಲ, ಸೆರಗು ಹಿಡಿದು ತಿರುವಿ ನೋಡುತ್ತಿದ್ದಳು. ಒಮ್ಮೆ ನಮ್ಮ ಹೆಡ್‌ಮಿಸ್ಟ್ರೆಸ್ಸರ ಹೊಸ ಸೀರೆ ಮುಟ್ಟಿ, "ಎರಡ ಒಗತಕ್ಕ ಜಾಳ ಆಗತೈತ್ರಿ ಇದು, ಯಾವಾಂವ ಹಚ್ಚಿದಾ ನಿಮಗ?" ಎಂದುಬಿಟ್ಟಳು. ಅವರು ಆ ಸೀರೆಯನ್ನು ಮತ್ತೆ ಶಾಲೆಗೆ ಉಟ್ಟು ಬರಲಿಲ್ಲ. ಇನ್ನೊಂದು ಚಟವಿತ್ತು. ಏನೇ ಆಗಲಿ, "ಛಲೋ ಆತು ಬಿಡ್ರಿ" ಎನ್ನುವುದು. ಬಸ್ಸು ತಪ್ಪಿದರೆ ಛಲೋ ಆತು ಬಿಡ್ರಿ, ಚಾ ಕುಡಿಯೂಣು. ಕರೆಂಟು ಹೋದರೆ ಛಲೋ ಆತು ಬಿಡ್ರಿ, ಮಗ್ಗಕ್ಕೂ ಸೂಟಿ ಬೇಕಲ್ಲ.

ನಾನು ನಿವೃತ್ತಳಾದ ವರ್ಷ, ಬನಹಟ್ಟಿಯ ಹೆಂಗಸರು ಲಕ್ಷದ್ವೀಪಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ತಂದವಳು ಅವಳೇ. ನಮ್ಮ ಮನೆಯವರಿಗೆ ನೀರೆಂದರೆ ಆಗದು, ಬಾವಿ ಇಣುಕಿದರೂ ತಲೆ ತಿರುಗುತ್ತದೆ. "ನೀ ಹೋಗಿ ಬಾ" ಎಂದರು. ಉಳಿದ ಒಂಬತ್ತು ಜನ ಒಂದೇ ದ್ವೀಪಯಾನಕ್ಕೆ ಹೆಸರು ಕೊಟ್ಟಿದ್ದರು. ನಾವಿಬ್ಬರು ಮಾತ್ರ ಎರಡಕ್ಕೂ ಕೊಟ್ಟಿದ್ದೆವು. ಮೊದಲ ಹಡಗಿನಲ್ಲಿ ಕವರತ್ತಿಗೆ ಹೋಗಿ ಕೊಚ್ಚಿಗೆ ಮರಳುವುದು, ಲಾಡ್ಜಿನಲ್ಲಿ ಒಂದು ದಿನ ಇದ್ದು, ಊರ ಕಡೆಯಿಂದ ಬರುವ ಹೊಸ ಗುಂಪಿನ ಜೊತೆ ಮಿನಿಕಾಯ್‌ಗೆ ಹೋಗುವುದು.

ಗೌರಕ್ಕ ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಕೃಷ್ಣೆಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನದು. ಹಡಗಿನ ಕಟಕಟೆ ಹಿಡಿದು ಬಹಳ ಹೊತ್ತು ಸಮುದ್ರ ನೋಡಿ, "ಅಲ್ರೀ ಅಕ್ಕೋರ, ಇದರ ಬ್ಯಾರೇಜ್ ಎಲ್ಲೈತಿ?" ಎಂದು ಕೇಳಿದಳು. ನಾವೆಲ್ಲ ವಾಂತಿ ಮಾಡಿಕೊಂಡು ಮಲಗಿದ್ದರೆ ಅವಳು ಇಂಜಿನ್ನಿನ ಮೇಲಿನ ಕೋಣೆ ಕೇಳಿ ಪಡೆದುಕೊಂಡು ಗಡದ್ದಾಗಿ ನಿದ್ದೆ ಹೊಡೆದಳು. ಆ ಸಪ್ಪಳ ಕೇಳಿದರೆ ಮನೆಯಲ್ಲಿ ಮಲಗಿದ ಹಾಗೇ ಆಗುತ್ತದಂತೆ.

ಹಡಗು ಕೊಚ್ಚಿಗೆ ಮರಳಿದ ಬೆಳಿಗ್ಗೆ ಖಣಗಳ ಅರ್ಥ ತಿಳಿಯಿತು. ಒಂಬತ್ತು ಜನ ರೈಲಿಗೆ ಹೊರಟಿದ್ದರು. ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದು, ಉಡಿ ತುಂಬಿ ಕಳಿಸಬೇಕು ಎಂದು ಗೌರಕ್ಕ ಲಾಡ್ಜಿನ ಕೋಣೆಯಲ್ಲಿ ಚಾಪೆ ಹಾಸಿ ಅಕ್ಕಿಯ ಗಂಟು ಬಿಚ್ಚಿದಳು. ಒಬ್ಬೊಬ್ಬರೇ ಬಂದು ಕೂತು ಸೆರಗು ಒಡ್ಡಿದರು. ಗೌರಕ್ಕ ನನ್ನ ಕಡೆ ಖಣ ಚಾಚಿ, "ನೀವ ತುಂಬ್ರಿ ಅಕ್ಕೋರ" ಎಂದಳು. ತಾನು ನನ್ನ ಬೆನ್ನ ಹಿಂದೆ ನಿಂತು ಒಂದೊಂದೇ ಕೊಬ್ಬರಿ, ಒಂದೊಂದೇ ಉತ್ತತ್ತಿ ಎತ್ತಿ ಕೊಡುತ್ತ ಹೋದಳು. ಅವರಲ್ಲೊಬ್ಬಳು, ಗೌರಕ್ಕನ ಓಣಿಯವಳೇ, "ಗೌರಕ್ಕ, ಇನ್ನಷ್ಟ ಹಿಂದ ಸರಿ, ನೆರಳ ಬೀಳತೈತಿ" ಎಂದಳು. ಬೆಳಕಿಗೆ ಅಡ್ಡ ಬಂದ ನೆರಳಿನ ಮಾತಲ್ಲ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಗೌರಕ್ಕ ಸರಿದು ನಿಂತಳು. ಒಂಬತ್ತು ಉಡಿ ತುಂಬಿದ್ದಾಯಿತು, ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಣ್ಣೊರೆಸಿಕೊಂಡದ್ದೂ ಆಯಿತು, ಅವರು ರಿಕ್ಷಾ ಹತ್ತಿ ಹೋದರು.

ನನಗೆ ಸಿಟ್ಟು ಬಂದಿತ್ತು. "ಅಲ್ಲ ಗೌರಕ್ಕ, ಅಷ್ಟ ದೂರದಿಂದ ಹೊತಗೊಂಡ ಬಂದೀರಿ, ನೀವ ತುಂಬೂದ ಬಿಟ್ಟ ನನಗ್ಯಾಕ ಕೊಟ್ರಿ?" ಎಂದೆ.

ಅವಳು ಚೆಲ್ಲಿದ ಅಕ್ಕಿಕಾಳು ಆರಿಸುತ್ತಿದ್ದಳು. "ನನ್ನ ಮುಂದ ಯಾರ ಸೆರಗ ಹಿಡಿತಾರ್ರಿ? ಗಂಡ ಸತ್ತಾಗಿಂದ ನನ್ನ ಕೈ ಸೀರಿ ಮಾರಾಕ ನಡಿತೈತಿ, ಉಡಿ ತುಂಬಾಕ ನಡಿಯೂದಿಲ್ಲ. ಖರೆ ಹೇಳತೇನಿ ಅಕ್ಕೋರ, ಒಬ್ಬಾಕಿದರೆ ನನ್ನ ಕೈಲೆ ತುಂಬಬೇಕಂತ ಭಾಳ ಆಸೆ ಐತಿ. ಊರ ಬಿಟ್ಟ ಬಂದ್ರ ಯಾರರೆ ಗುರತ ಇಲ್ಲದಾಕಿ ಸಿಗತಾಳಂತ ಎರಡ ಹೆಚ್ಚಿಗಿ ಇಟಗೊಂಡ ಬಂದೇನಿ."

ಅಷ್ಟು ಜೋರು ದನಿಯ ಹೆಂಗಸು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಹೊಸ ಗುಂಪು ಬಂತು. ಪಕ್ಕದ ಕೋಣೆಗೆ ಬಂದವಳು ಬೀಳಗಿಯ ಮಹಾದೇವಿ, ಜೊತೆಗೆ ಮದುವೆಯಾಗಿ ಎರಡು ತಿಂಗಳಾದ ಸೊಸೆ ಪೂಜಾ. ಪೂಜಾ ಮುಧೋಳದ ಹುಡುಗಿ. ಗಂಡನಿಗೆ ರಜೆ ಸಿಕ್ಕಿಲ್ಲವೆಂದು ಅತ್ತೆಯ ಜೊತೆ ಬಂದಿದ್ದಳು. ಮೊಬೈಲಿನಲ್ಲಿ ಗಂಡನ ಫೋಟೋಕ್ಕಿಂತ ತವರಿನ ನಾಯಿಯ ಫೋಟೋಗಳೇ ಜಾಸ್ತಿ. ಗೌರಕ್ಕ ಅವಳ ಸೆರಗು ತಿರುವಿ ನೋಡಿ, "ಇದು ನಮ್ಮ ಬನಹಟ್ಟೀದ ಐತಿ!" ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಅರ್ಧ ಗಂಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ನಾಲ್ವರೂ ಒಂದೇ ಕೋಣೆಯಲ್ಲಿದ್ದೆವು.

ಗೌರಕ್ಕನ ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು ಯಾವಾಗಲೂ ಇರುತ್ತಿತ್ತು. ಕೊರಳಲ್ಲಿ ಏನಿದೆ, ಏನಿಲ್ಲ, ಹೊಸಬರಿಗೆ ತಿಳಿಯುತ್ತಿರಲಿಲ್ಲ. ಮಾತಿನ ನಡುವೆ ಮಹಾದೇವಿ, "ನಿಮ್ಮ ಯಜಮಾನ್ರು ಬಂದಿಲ್ಲೇನ್ರಿ?" ಎಂದಳು. ಗೌರಕ್ಕ ಬಾಯಿ ತೆರೆಯುವುದರೊಳಗೆ ನಾನು, "ಅವರು ಮುಂದ ಹೋಗ್ಯಾರ್ರಿ" ಎಂದುಬಿಟ್ಟೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವಳಿಗೆ ಇಂಥ ಮಾತು ಎಲ್ಲಿಂದ ಹೊಳೆಯಿತೋ! ಸುಳ್ಳೂ ಅಲ್ಲ. ಮಹಾದೇವಿ ತಲೆಯಾಡಿಸಿ, "ಮಿನಿಕಾಯ್ಕ? ಛಲೋ ಆತು, ರೂಮ್ ನೋಡಿರತಾರ" ಎಂದಳು. ಗೌರಕ್ಕ ಕೆಮ್ಮು ಬಂದವರ ಹಾಗೆ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಹೋದಳು. ನಾನು ಹಿಂದೆ ಹೋದರೆ ಗೋಡೆಗೆ ಒರಗಿ ನಗುತ್ತಿದ್ದಳು. "ಎಂಥಾ ರೂಮ್ ನೋಡ್ಯಾನೋ ನಮ್ಮಾಂವ, ಇಪ್ಪತ್ತೆಂಟ ವರ್ಷ ಆತು, ಒಂದ ಫೋನ್ ಇಲ್ಲ!"

ಮರುದಿನ ಬೆಳಿಗ್ಗೆ ಬಂದರಿಗೆ ಹೊರಡುವ ಹೊತ್ತಿಗೆ ಮಹಾದೇವಿ ಸೊಸೆಯನ್ನು ಕರೆದುಕೊಂಡು ಬಂದಳು. "ಹೊಸಾ ಮದಿಮಗಳು ನೀರ ದಾಟೂ ಮುಂದ ಉಡಿ ತುಂಬಿಸ್ಕೋಬೇಕಂತ ನಮ್ಮ ಅತ್ತಿ ಹೇಳ್ಯಾರ್ರಿ. ಇಲ್ಲಿ ನೀವ ಹಿರೇರು. ನೀವ ತುಂಬ್ರಿ" ಎಂದು ಗೌರಕ್ಕನಿಗೇ ಹೇಳಿದಳು. ಪೂಜಾ ಆಗಲೇ ಚಾಪೆಯ ಮೇಲೆ ಕೂತು ಸೆರಗು ಒಡ್ಡಿದ್ದಳು.

ಗೌರಕ್ಕ ಖಣ ತೆಗೆದಳು. ಅಕ್ಕಿಗೆ ಕೈ ಹಾಕಿದಳು. ಇಷ್ಟು ವರ್ಷ ಬಯಸಿದ್ದು ಒಂದು ಗೇಣು ದೂರದಲ್ಲಿತ್ತು. ತುಂಬಲಿ ಶಿವನೇ, ಬೇಗ ತುಂಬಿಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆದರೆ ಅವಳ ಮುಷ್ಟಿ ಅಕ್ಕಿಯಲ್ಲೇ ನಿಂತಿತು.

"ಮಾದೇವಕ್ಕ, ನಮ್ಮಾಂವ ಮುಂದ ಹೋಗ್ಯಾನ ಅಂದ್ರ, ಸತ್ತಾನವ್ವಾ" ಎಂದಳು. "ಅಕ್ಕೋರು ನನ್ನ ಸಲುವಾಗಿ ಹಂಗ ಅಂದ್ರು. ಹುಡಿಗಿ ಉಡಿಯಾಗ ಅಕ್ಕಿ ಹಾಕಬೇಕ, ಕೊಬ್ರಿ ಹಾಕಬೇಕ. ಸುಳ್ಳ ಹಾಕಬಾರದು. ಈಗ ಹೇಳು, ತುಂಬಲ್ಯೋ ಬ್ಯಾಡೋ?"

ಮಹಾದೇವಿ ಕೆಟ್ಟವಳಲ್ಲ. ಅವಳ ಮುಖ ಸಣ್ಣದಾಯಿತು. ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ, "ಅಕ್ಕೋರ, ನೀವ ತುಂಬ್ರಿ" ಎಂದಳು. ಗೌರಕ್ಕ ಖಣವನ್ನು ನನ್ನ ಕೈಗಿಟ್ಟು ಹಿಂದೆ ಸರಿದಳು. ನಾನು ತುಂಬಿದೆ. ಖಣ ಅವಳದು, ಅಕ್ಕಿ ಅವಳದು, ಕೊಬ್ಬರಿಯೂ ಅವಳದೇ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಾನು ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

"ಛಲೋ ಆತು ಬಿಡ್ರಿ" ಎಂದಳು ಗೌರಕ್ಕ, ಚೀಲದ ಬಾಯಿ ಕಟ್ಟುತ್ತ. "ನಡ್ರಿ, ಹಡಗ ಹೋದೀತು."

ಎರಡನೆಯ ಹಡಗಿನಲ್ಲಿ ಪೂಜಾ ಅವಳನ್ನು ಬಿಟ್ಟು ಸರಿಯಲಿಲ್ಲ. ಮಿನಿಕಾಯ್‌ನ ದಂಡೆಯಲ್ಲಿ ಇಬ್ಬರೂ ಮೊಳಕಾಲು ನೀರಿನಲ್ಲಿ ಕೈ ಕೈ ಹಿಡಿದು ನಿಂತ ಫೋಟೋ ನನ್ನ ಹತ್ತಿರ ಇದೆ. ಮಹಾದೇವಿಯೂ ಎರಡು ದಿನ ಮುಖ ತಪ್ಪಿಸಿ, ಮೂರನೆಯ ದಿನ ತಾನೇ ರೊಟ್ಟಿ ತಂದು ಮುಂದಿಟ್ಟಳು. ಗೌರಕ್ಕ ತಿಂದಳು, ಚಟ್ನಿಗೆ ಉಪ್ಪು ಕಡಿಮೆ ಎಂದಳು.

ಆಮೇಲೆ ಎರಡು ವರ್ಷಕ್ಕೆ ಗೌರಕ್ಕ ಗುರುವಾರ ಬರುವುದು ನಿಂತಿತು. ಯಕೃತ್ತಿನ ಕಾಯಿಲೆ, ಮಗ್ಗ ಎರಡನ್ನೂ ಕೊಟ್ಟುಬಿಟ್ಟಿದ್ದಾಳೆ ಎಂದು ಸುದ್ದಿ ಬಂತು. ನಾನು ಬಸ್ಸು ಹಿಡಿದು ಬನಹಟ್ಟಿಗೆ ಹೋದೆ. ಗೌರಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಮೈ ಅರ್ಧ ಇಳಿದಿತ್ತು. ಕೈ ಎತ್ತಿ ನನ್ನ ಸೆರಗು ತಿರುವಿ ನೋಡಿ, "ಇದ ಇನ್ನೂ ಉಡತೀರಲ್ರಿ!" ಎಂದಳು. ಹತ್ತು ವರ್ಷದ ಹಿಂದೆ ಅವಳೇ ಕೊಟ್ಟ ಸೀರೆ ಅದು. ಸಮುದ್ರದ್ದು, ಪೂಜಾಳದು ಮಾತಾಡಿದೆವು. ಹೊರಡುವ ಹೊತ್ತಾಯಿತು.

ನಾನು ಅವಳ ಮುಂದೆ ನೆಲದ ಮೇಲೆ ಕೂತು ಸೆರಗು ಒಡ್ಡಿದೆ. "ಗೌರಕ್ಕ, ಹನ್ನೊಂದರಾಗ ಒಂದ ಉಳದೈತಿ. ತುಂಬ್ರಿ."

ಅವಳು ನನ್ನ ಹಿಂದೆ ಬೀದಿಯ ಕಡೆ ನೋಡಿದಳು. ಎದುರಿನ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು, ನೆರಳಿನ ಮಾತಾಡಿದವಳೂ ಇದ್ದಳು. "ಅಕ್ಕೋರ, ಇದು ಬನಹಟ್ಟಿ ಐತ್ರಿ, ಕೊಚ್ಚಿ ಅಲ್ಲ. ಕದಾ ಮುಂದ ಮಾಡ್ರಿ ಮೊದಲ."

"ತೆರದಿರಲಿ" ಎಂದೆ.

"ನಿಮ್ಮ ಮನಿಯವರಿಗೆ ಮೊನ್ನೆರೆ ಎದಿ ಆಪ್ರೇಶನ್ ಆಗೈತಿ."

ನಿಜ ಹೇಳುತ್ತೇನೆ, ನನ್ನ ಎದೆ ಒಂದು ಗಳಿಗೆ ಅಳುಕಿತು. ಓದಿದವಳು, ಕಲಿಸಿದವಳು ಎಲ್ಲ ಸರಿ, ಆದರೂ ಅಳುಕಿತು. ಸೆರಗು ಮಾತ್ರ ಹಾಗೇ ಒಡ್ಡಿ ಹಿಡಿದಿದ್ದೆ. "ಆಗೈತಿ. ಅರಾಮ ಅದಾರ. ನೀವ ತುಂಬ್ರಿ."

ಗೌರಕ್ಕ ಗೋಡೆ ಹಿಡಿದು ಎದ್ದು ಟ್ರಂಕು ತೆರೆದಳು. ಖಣ ಮೇಲೆಯೇ ಇತ್ತು. ಡಬ್ಬಿಯಿಂದ ಅಕ್ಕಿ ತಂದಳು. ಒಂದು ಹಿಡಿ, ಎರಡು, ಐದು. ಕಂಡಿಕಿ ಸುತ್ತಿ ಸುತ್ತಿ ನೂಲಿನ ಗೆರೆ ಬಿದ್ದ ಬೆರಳುಗಳಿಂದ ಒಂದು ಕಾಳೂ ಹೊರಗೆ ಚೆಲ್ಲಲಿಲ್ಲ. ಕಟ್ಟೆಯ ಮೇಲಿನವರು ಕತ್ತು ಚಾಚಿ ನೋಡುತ್ತಿದ್ದರು. ಉಡಿ ತುಂಬಿ ಮುಗಿಸಿ ಅವಳು ಕೈ ಝಾಡಿಸಲಿಲ್ಲ, ಆ ಕೈಯನ್ನೇ ಬಹಳ ಹೊತ್ತು ನೋಡುತ್ತ ಕೂತಳು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಛಲೋ ಆತು ಬಿಡ್ರಿ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ. ಅಳುತ್ತಿದ್ದಳು.

ತಿಂಗಳೊಪ್ಪತ್ತಿನಲ್ಲಿ ಅವಳು ಹೋದಳು. ನಮ್ಮ ಮನೆಯವರು ಗಟ್ಟಿಮುಟ್ಟಾಗಿದ್ದಾರೆ, ಚಹಾಕ್ಕೆ ಸಕ್ಕರೆ ಕಡಿಮೆ ಎಂದು ದಿನಾ ಜಗಳ ತೆಗೆಯುತ್ತಾರೆ. ಆ ಖಣದ ಕುಪ್ಪಸ ಹೊಲಿಸಿಕೊಂಡು ಗುರುವಾರ ಗುರುವಾರ ತೊಡುತ್ತೇನೆ. ಮೊನ್ನೆ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಪೂಜಾ ಸಿಕ್ಕಳು, ಕಂಕುಳಲ್ಲಿ ಕೂಸು. ಅವಳಿಗೆ ಸುದ್ದಿ ತಿಳಿದಿರಲಿಲ್ಲ. "ಗೌರಕ್ಕ ಬಂದಿಲ್ಲೇನ್ರಿ?" ಎಂದು ನನ್ನ ಹಿಂದೆ ಮುಂದೆ ಹುಡುಕಿದಳು.

"ಮುಂದ ಹೋಗ್ಯಾಳವ್ವಾ" ಎಂದೆ.

ಈ ಸಲ ಅವಳಿಗೆ ಅರ್ಥವಾಯಿತು.