ಬಾಡಿ ಎಂಬ ಮಾತು, ಆ ದಿನದ ಊಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಫೋನ್ ಬಂದಾಗ ರೈಲು ಕಾಯಂಕುಳಂನಲ್ಲಿ ನಿಂತಿತ್ತು ಎಂದು ನನ್ನ ನೆನಪು. ವರ್ಕಲ ಆಗಿದ್ದರೂ ಇರಬಹುದು. ಕಿಟಕಿಯ ಹೊರಗೆ ಯಾರೋ ಪಳಂಪೊರಿ ಮಾರುತ್ತಿದ್ದರು. ಕರಿದ ಬಾಳೆಹಣ್ಣಿನ ಆ ವಾಸನೆ ಖಚಿತ. ಆದರೆ ಅದು ಎರಡೂ ಸ್ಟೇಷನ್‌ಗಳಲ್ಲಿ ಇರುತ್ತದೆ.

ಕಾಸರಗೋಡಿನಿಂದ ಸರ್ಕಾರಿ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದ ಅಪ್ಪ ನಿವೃತ್ತಿಯ ನಂತರವೂ ಅಲ್ಲೇ ಉಳಿದರು. ಅವರದು ಕೆಳಗಿನ ಮನೆ, ವಕೀಲರಾದ ನನ್ನ ಸೋದರಮಾವನದು ಮೇಲಿನದು. ಅಪ್ಪ ಮನೆಯಲ್ಲಿ ಇಂಗ್ಲಿಷ್ ಬಳಸುತ್ತಿದ್ದುದು ಕಡಿಮೆ, ಆದರೆ ಬಿಸಿಲಲ್ಲಿ ನಡೆದು ಬಂದ ದಿನ ಮಾತ್ರ “ಬಾಡಿ ಹೀಟ್ ಆಗಿದೆ” ಎಂದು ಜೀರಿಗೆ ನೀರು ಕೇಳುತ್ತಿದ್ದರು.

“ಇದು ಬಾಡಿಯಾ, ಬಸ್ಸಿನ ಇಂಜಿನ್ನಾ, ಭಾವ?” ಎಂದು ಮಾವ ಮೆಟ್ಟಿಲ ಮೇಲಿಂದಲೇ ಛೇಡಿಸುತ್ತಿದ್ದರು.

“ನಿನ್ನ ಹಾಗೆ ಕರಿಕೋಟು ಹಾಕಿ ತಿರುಗಿದ್ದರೆ ಹೊಗೆಯೂ ಬರ್ತಿತ್ತು.”

ಹಾಗಾಗಿ ಆ ಪದ ನನಗೆ ಬೆವರುವ, ನೀರು ಕುಡಿಯುವ ಅಪ್ಪನಿಗೆ ಸೇರಿದ್ದಾಗಿತ್ತು.

ಆ ದಿನ ನಾನು ಕೊಚ್ಚಿಯ ಕಳಮಶ್ಶೇರಿಯಲ್ಲಿ ಆಫೀಸಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಮಾವನ ಫೋನ್ ಬಂತು.

“ಭಾವನಿಗೆ ಸ್ವಲ್ಪ ಸೀರಿಯಸ್ ಉಂಟು. ಆಸ್ಪತ್ರೆಗೆ ತಂದಿದ್ದೇವೆ. ನೀನು ಹೊರಡು. ಅವಸರ ಎಂತ ಬೇಡ, ಊಟ ಮಾಡಿಯೇ ಹೊರಡು.”

ನಾನು ಕ್ಯಾಂಟೀನಿನಲ್ಲಿ ಊಟ ಮಾಡಿದೆ. ಹಸಿವಿತ್ತು, ಇನ್ನೊಮ್ಮೆ ಅನ್ನ ಹಾಕಿಸಿಕೊಂಡೆ. ಮೆಟ್ರೋ ಹಿಡಿದು ಎರ್ನಾಕುಳಂ ಸ್ಟೇಷನ್ ತಲುಪುವಾಗ ಒಂದು ರೈಲು ಹೋಗಿಯಾಗಿತ್ತು. ಮುಂದಿನದನ್ನು ಹತ್ತಿದೆ.

ದಾರಿಯಲ್ಲಿ, ರೈಲು ನಿಂತಿದ್ದಾಗ ಫೋನ್ ಮಾಡಿದವರು ಅಪ್ಪನ ಪಕ್ಕದ ಮನೆಯ ಮಲಯಾಳಿ ಅಕ್ಕ, ನಾವು ಚೇಚಿ ಎನ್ನುವವರು. “ಮೋಳೇ, ಬಾಡಿ ನಾಟ್ಟಿಲೇಕ್ಕು ಕೊಂಡುಪೋಕುನ್ನುಂಡೋ?” ಮಗಳೇ, ಬಾಡಿಯನ್ನು ಊರಿಗೆ ಒಯ್ಯುತ್ತೀರಾ ಎಂದು ಕೇಳುತ್ತಿದ್ದರು. ನನಗೆ ಇನ್ನೂ ಯಾರೂ ಹೇಳಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ಮಾವನನ್ನು ಕೇಳಿ ಹೇಳುತ್ತೇನೆ ಎಂದೆ. ಅಷ್ಟು ಸಮಾಧಾನದಿಂದ ಹೇಳಿದೆನೇ ಎಂದು ಈಗ ಅನುಮಾನ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಯಾವ ಪದ ಬಳಸಬೇಕಿತ್ತು? ನಮ್ಮಲ್ಲೂ ಹೆಣ ಎಂದರೆ ಬೈದ ಹಾಗಾಗುತ್ತದೆ, ಶವ ಎಂದರೆ ಪತ್ರಿಕೆ ಓದಿದ ಹಾಗೆ. ಪಾರ್ಥಿವ ಶರೀರ ದೊಡ್ಡವರಿಗೆ ಮೀಸಲು. ಬೇರೆ ಇಂಗ್ಲಿಷ್ ಬಾರದವರೂ ಈ ಒಂದು ಪದ ಬಳಸುತ್ತಾರೆ, ಯಾಕೆಂದರೆ ಅದನ್ನು ಯಾರ ಎದುರೂ ಹೇಳಬಹುದು. ಆದರೂ ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದಾಗ, ಕರೆದೊಯ್ಯಲು ಬಂದಿದ್ದ ಮಾವ ಯಾರಿಗೋ ಫೋನಿನಲ್ಲಿ “ಬಾಡಿ ಸಂಜೆ ಕೊಡ್ತಾರಂತೆ” ಎನ್ನುತ್ತಿದ್ದುದನ್ನು ಕೇಳಿ, ಭಾವ ಎನ್ನಬಾರದೇ ಎನ್ನಿಸಿತು.

“ನೀನು ಕೊಲ್ಲಂ ದಾಟುವಾಗ ಹೋದರು” ಎಂದರು ಮಾವ. ನೆಂಟರಿಗೆಲ್ಲ ಇಂದಿಗೂ ಹಾಗೆಯೇ ಹೇಳುತ್ತಾರೆ.

ಕೊಲ್ಲಂ ಆದ ಮೇಲೆ ವರ್ಕಲ ಬರುತ್ತದೆ. ಕಾಯಂಕುಳಂ ಬರುವುದು ಮೊದಲು. ಚೇಚಿಯ ಫೋನ್ ಬಂದದ್ದು ಕಾಯಂಕುಳಂನಲ್ಲಿ ಎಂಬ ನನ್ನ ನೆನಪು ಸರಿಯಾಗಿದ್ದರೆ ಮಾವನ ಮಾತು ಸರಿಯಲ್ಲ.

ಇನ್ನೊಂದು ವಿಷಯವಿದೆ. ಹತ್ತಿರದವರು ಹೋದರೆ ದಹನ ಮುಗಿಯುವವರೆಗೆ ನಮ್ಮ ಮನೆಗಳಲ್ಲಿ ಅನ್ನ ಮುಟ್ಟುವುದಿಲ್ಲ. ಆದ್ದರಿಂದ ದೂರದಿಂದ ಬರಬೇಕಾದವರಿಗೆ ಸಾವನ್ನು ಹೇಳದೆ, ಸೀರಿಯಸ್ ಎಂದಷ್ಟೇ ಹೇಳಿ, ಉಂಡು ಹೊರಡಲು ಹೇಳುವುದುಂಟು. ಅಜ್ಜ ಹೋದ ದಿನ ಅಪ್ಪನೇ ಅತ್ತೆಗೆ ಹಾಗೆ ಫೋನ್ ಮಾಡಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಮಾವ ಹಾಗೆಯೇ ಮಾಡಿದ್ದರೆ ಆ ಊಟ ಅವರ ಅಕ್ಕರೆ, ನಾನು ಕಳೆದುಕೊಂಡದ್ದು ಏನೂ ಇಲ್ಲ. ಹಾಗಲ್ಲದೆ ಅಪ್ಪ ಆಗ ಇನ್ನೂ ಇದ್ದಿದ್ದರೆ, ಎರಡನೆಯ ಸಲ ಹಾಕಿಸಿಕೊಂಡ ಅನ್ನಕ್ಕೆ ಆ ಮೊದಲ ರೈಲು ಹೋಯಿತು.

ಈಚೆಗೆ ಮಾವ ಒಂದು ಕೇಸಿಗೆಂದು ಕೊಚ್ಚಿಗೆ ಬಂದವರು ನಮ್ಮಲ್ಲಿ ಉಳಿದಿದ್ದರು. ಸಾಕ್ಷಿಗಳಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದು ಒತ್ತಾಯಿಸುವವರು ಅವರು. ಊಟವಾದ ಮೇಲೆ ನಾನು ಕೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಸಂಜೆಯ ರೈಲಿಗೆ ತಿರುವನಂತಪುರಕ್ಕೆ ಮರಳಿದರು. ಆಮೇಲೆ ಫೋನಿನಲ್ಲಿ ಮಾತಾಡಿದ್ದೇವೆ, ಬೇರೆ ವಿಷಯ. ನಾನು ಕೇಳಿದ್ದು ಇಷ್ಟೇ:

“ಮಾವ, ಊಟ ಮಾಡಿ ಹೊರಡು ಅಂತ ನೀವು ನನಗೆ ಹೇಳುವಾಗ ಅಪ್ಪ ಇದ್ದರಾ?”